ಮಂಡಕ್ಕಿ ಮುಟ್ಟದ ನಾಯಿ

ನನ್ನ ಹೆಸರು ಪಂಕಜಾಕ್ಷಿ ಎಂದು ಈ ಊರಿನಲ್ಲಿ ಇಬ್ಬರಿಗೆ ಮಾತ್ರ ಗೊತ್ತು, ಒಂದು ನನ್ನ ತಾಯಿಗೆ, ಇನ್ನೊಂದು ವಕೀಲರ ಸಂಘದ ಗುಮಾಸ್ತನಿಗೆ. ಉಳಿದವರಿಗೆಲ್ಲ ನಾನು ನಾಯಿ ಲಾಯರಮ್ಮ. ಮೊದಮೊದಲು ಬೇಜಾರಾಗುತ್ತಿತ್ತು. ಆಮೇಲೆ ಆಸ್ತಿ ವ್ಯಾಜ್ಯ ನಡೆಸುವ ನನ್ನ ಸಹಪಾಠಿಗಳು ಒಂದೊಂದು ಕೇಸಿಗೂ ಇಪ್ಪತ್ತು ವರ್ಷ ಮುದುಕರಾಗುವುದನ್ನು ನೋಡಿ ಸಮಾಧಾನ ತಂದುಕೊಂಡೆ. ನನ್ನ ಕೇಸುಗಳು ಮೂರು ವಾರದಲ್ಲಿ ಮುಗಿಯುತ್ತವೆ. ನಾಯಿಗಳಿಗೆ ವಾಯಿದೆ ಕೇಳುವ ಚಾಳಿಯಿಲ್ಲ.

ಇನ್ಶೂರೆನ್ಸ್ ಇಲ್ಲದ ಗಾಡಿಯನ್ನು ನಮ್ಮ ಊರಿನಲ್ಲಿ ಹಿಡಿಯುವುದು ಪೊಲೀಸರಲ್ಲ, ಬೀದಿನಾಯಿಗಳು. ಪಾಲಿಸಿ ಮುಗಿದ ಮಾರನೆಯ ದಿನ ನೀವು ಗಾಡಿ ತೆಗೆದರೆ ಎಲ್ಲಿಂದಲೋ ಒಂದು ನಾಯಿ ಬಂದು ಹಿಂದೆ ಬೀಳುತ್ತದೆ. ಬೊಗಳುವುದಿಲ್ಲ, ಟೈರು ಕಚ್ಚುವುದಿಲ್ಲ, ಸುಮ್ಮನೆ ಬರುತ್ತದೆ. ಆಗಲೇ ಗಾಡಿ ಪಕ್ಕಕ್ಕೆ ಹಾಕಿ ಕೀ ತೆಗೆದರೆ ನಾಯಿ ತನ್ನ ಪಾಡಿಗೆ ಹೋಗುತ್ತದೆ, ಕೇಸಿಲ್ಲ. ಕಂಡೂ ಕಾಣದ ಹಾಗೆ ಓಡಿಸಿದಿರೋ, ಅದು ಮುಂದೆ ಓಡಿಬಂದು ರಸ್ತೆಯ ನಡುವೆ ಕೂರುತ್ತದೆ. ನೀವು ಬಲಕ್ಕೆ ತಿರುಗಿಸಿದರೆ ಎದ್ದು ಬಲಕ್ಕೆ ಬಂದು ಕೂರುತ್ತದೆ, ಎಡಕ್ಕೆ ತಿರುಗಿಸಿದರೆ ಎಡಕ್ಕೆ. ಪೊಲೀಸರು ಬಂದು ಮಹಜರು ಬರೆಯುವ ತನಕ ಜಪ್ಪಯ್ಯ ಎಂದರೂ ಜಾಗ ಬಿಡುವುದಿಲ್ಲ. ಹಿಂದೆ ಬರುವುದು ನೋಟಿಸು, ಮುಂದೆ ಕೂರುವುದು ಅರೆಸ್ಟು ಎಂಬುದು ಊರಿನ ಮಕ್ಕಳಿಗೂ ಗೊತ್ತು. ತಪ್ಪು ಸಾಬೀತಾದರೆ ಚಾಲಕನ ಲೈಸೆನ್ಸಿಗೆ ತೂತು ಹೊಡೆದು, ದಾರ ಪೋಣಿಸಿ, ಹಿಡಿದ ನಾಯಿಯ ಕೊರಳಿಗೇ ಕಟ್ಟುತ್ತಾರೆ. ಆಮೇಲೆ ಅವನು ಜನ್ಮದಲ್ಲಿ ಸ್ಟಿಯರಿಂಗ್ ಮುಟ್ಟುವ ಹಾಗಿಲ್ಲ.

ಊರು ಇದಕ್ಕೆ ಹೊಂದಿಕೊಂಡಿದೆ. ಗಂಡಿನ ಕಡೆಯವರು ಕಾರಿನಲ್ಲಿ ಹೆಣ್ಣು ನೋಡಲು ಬಂದರೆ ಹೆಣ್ಣಿನ ಅಜ್ಜಿ ಹುಡುಗನ ಮುಖಕ್ಕಿಂತ ಮೊದಲು ಕಾರಿನ ಹಿಂಭಾಗ ನೋಡುತ್ತಾಳೆ. ಬಸ್ ನಿಲ್ದಾಣದ ಬೇಕರಿಯವನು ನಿನ್ನೆಯ ಬನ್ನುಗಳನ್ನು ‘ಡ್ರೈವರ್ ಬನ್’ ಎಂಬ ಹೆಸರಿನಲ್ಲಿ ಮಾರುತ್ತಾನೆ, ನಾಯಿಗೆ ಲಂಚ ಕೊಡಲು. ಕೆಲಸಕ್ಕೆಂದು ಹೊರಟ ಯಾವ ನಾಯಿಯೂ ಇದುವರೆಗೆ ಬನ್ನಿಗೆ ಬಗ್ಗಿಲ್ಲ, ಆದರೂ ವ್ಯಾಪಾರ ಚೆನ್ನಾಗಿದೆ. ಹಾಲಿನ ಡೇರಿಯ ಅಧ್ಯಕ್ಷರ ಲೈಸೆನ್ಸನ್ನು ಕೊರಳಲ್ಲಿ ತೂಗಿಸಿಕೊಂಡ ಕಂದು ನಾಯಿಯೊಂದು ಐದು ವರ್ಷದಿಂದ ಡೇರಿಯ ಬಾಗಿಲಲ್ಲೇ ಮಲಗುತ್ತದೆ. ಅಧ್ಯಕ್ಷರು ಹಿಂಬಾಗಿಲಿನಿಂದ ಓಡಾಡುತ್ತಾರೆ. ಫೋಟೋದಲ್ಲಿ ಅವರಿಗೆ ಇನ್ನೂ ತಲೆತುಂಬ ಕೂದಲಿದೆ.

ಇಂಥ ಚಾಲಕರನ್ನು ಬಿಡಿಸುವುದು ನನ್ನ ಕಸುಬು. ಆರೋಪಪಟ್ಟಿಯಲ್ಲಿ ಮೊದಲ ಸಾಕ್ಷಿ ಯಾವಾಗಲೂ ನಾಯಿಯೇ: ‘ಕಪ್ಪು ಬಣ್ಣ, ಬಾಲ ಮೊಂಡು, ತಂದೆಯ ಹೆಸರು ತಿಳಿದುಬಂದಿಲ್ಲ, ವಾಸ ಮಟನ್ ಅಂಗಡಿಯ ಮುಂಭಾಗ.’ ನಾಯಿ ತಪ್ಪು ಎಂದು ನಾನು ಒಂದು ಸಲವೂ ವಾದಿಸಿದವಳಲ್ಲ, ಏಕೆಂದರೆ ನಾಯಿ ತಪ್ಪುವುದಿಲ್ಲ. ನಾಯಿಯೂ ಸರಿ, ನನ್ನ ಕಕ್ಷಿದಾರನೂ ಸರಿ ಎಂದು ವಾದಿಸುವುದರಲ್ಲೇ ನನ್ನ ಅನ್ನ ಇರುವುದು. ಟ್ರಾಕ್ಟರಿನವನೊಬ್ಬ ಸಿಕ್ಕಿಬಿದ್ದಾಗ, ನಾಯಿ ಕೂತದ್ದು ಅವನದೇ ಹೊಲದ ಬದುವಿನೊಳಗೆ, ಹೊಲ ಸಾರ್ವಜನಿಕ ಸ್ಥಳವಲ್ಲ ಎಂದು ಬಿಡಿಸಿದೆ. ಇನ್ನೊಬ್ಬನ ಕಾರು ಕೆಟ್ಟು ನಾಲ್ಕು ಜನ ದೂಡುತ್ತಿದ್ದರು. ದೂಡಿಸಿಕೊಳ್ಳುವುದು ಓಡಿಸುವುದಲ್ಲ ಎಂದೆ, ಅವನೂ ಬಚಾವಾದ. ಮತ್ತೊಬ್ಬನ ಪಾಲಿಸಿ ಇತ್ತು, ಕಂಪನಿಯವರು ಕಾಗದದಲ್ಲಿ ಅವನ ಗಾಡಿಯ ನಂಬರಿನ ಬದಲು ಅವನ ಮಾವನ ಗಾಡಿಯ ನಂಬರು ಬರೆದಿದ್ದರು. ಅವನನ್ನು ಬಿಡಿಸುವುದು ಸುಲಭವಾಯಿತು, ಮಾವನ ಜೊತೆ ರಾಜಿ ಮಾಡಿಸುವುದು ಆಗಲಿಲ್ಲ.

ಏಜೆಂಟ್ ತಿಪ್ಪೇಶಪ್ಪನವರು ಹಾಸಿಗೆ ಹಿಡಿದದ್ದು ಹೋದ ಬೇಸಿಗೆಯಲ್ಲಿ. ಊರಿನ ಮುಕ್ಕಾಲು ಗಾಡಿಗಳ ಪಾಲಿಸಿ ಮಾಡಿಸಿದ್ದು ಅವರೇ. ಮುಗಿಯಲು ಒಂದು ವಾರ ಇದೆ ಎನ್ನುವಾಗ ಮನೆಗೆ ಬಂದು, ಚಪ್ಪಲಿ ಬಿಟ್ಟು, ಒಳಗೆ ಕೂತರೆ ನೀವು ಸಹಿ ಹಾಕುವ ತನಕ ಏಳುತ್ತಿರಲಿಲ್ಲ. ಆ ವಿಷಯದಲ್ಲಿ ಅವರಿಗೂ ನಾಯಿಗಳಿಗೂ ಒಂದೇ ಸ್ವಭಾವ. ಅವರು ಮಲಗಿದ ಮೇಲೆ ಯಾರಿಗೂ ತಾರೀಕು ನೆನಪಾಗಲಿಲ್ಲ. ಮೂರನೆಯ ವಾರಕ್ಕೆ ಊರಿನ ಎಲ್ಲ ರಸ್ತೆಗಳಲ್ಲೂ ಗಾಡಿಗಳ ಮುಂದೆ ನಾಯಿಗಳು ಕೂತಿದ್ದವು. ಕಾನ್‌ಸ್ಟೇಬಲ್ ನಜೀರ್ ಮಹಜರು ಬರೆದು ಬರೆದು ಕೈಗೆ ಬ್ಯಾಂಡೇಜು ಸುತ್ತಿಕೊಂಡ. ತಿಪ್ಪೇಶಪ್ಪನವರ ಕಾಯಿಲೆಯಿಂದ ಡಾಕ್ಟರಿಗಿಂತ ನನಗೇ ಹೆಚ್ಚು ಲಾಭವಾಯಿತು ಎಂದು ಊರಿನವರು ಆಡಿಕೊಂಡರು. ನಿಜ ಹೇಳಬೇಕೆಂದರೆ ಆದದ್ದೂ ಹೌದು.

ಒಂದು ಶುಕ್ರವಾರ ಅವರು ತೀರಿಕೊಂಡರು. ನಾನೂ ಮಣ್ಣಿಗೆ ಹೋದೆ. ಊರಿನ ಶವವಾಹನಕ್ಕೆ ಮುಕ್ತಿರಥ ಎಂದು ಹೆಸರು. ಅದು ಒಂದು ಸೇವಾ ಸಮಿತಿಯದು. ಸಮಿತಿಯ ಅಧ್ಯಕ್ಷರು ಬಟ್ಟೆ ವ್ಯಾಪಾರಿ ರೇವಣಸಿದ್ದಪ್ಪನವರು, ಚಾಲಕ ಹೊನ್ನೂರಪ್ಪ. ಮುಂದೆ ಬ್ಯಾಂಡಿನವರು, ಅವರ ಹಿಂದೆ ಒಬ್ಬ ಮಂಡಕ್ಕಿ ಎರಚುತ್ತ, ಅವನ ಹಿಂದೆ ಮುಕ್ತಿರಥ, ಅದರ ಹಿಂದೆ ನಾವು. ಶಾಲೆಯ ತಿರುವು ದಾಟಿದ ಮೇಲೆ ಗಾಡಿ ಇದ್ದಕ್ಕಿದ್ದಂತೆ ಜೋರಾಯಿತು. ಬ್ಯಾಂಡಿನವರು ಊದುವುದು ಬಿಟ್ಟು ಓಡಿದರು, ನಾವು ಸೀರೆ ಪಂಚೆ ಎತ್ತಿಕೊಂಡು ಹಿಂದೆ ಓಡಿದೆವು. ಗೊಬ್ಬರದ ಗೋದಾಮಿನ ಹತ್ತಿರ, ರುದ್ರಭೂಮಿ ಇನ್ನೂರು ಮಾರು ಇದೆ ಎನ್ನುವಾಗ, ಎಡಗಿವಿ ಹರಿದ ಒಂದು ಬಿಳಿ ನಾಯಿ ಎಲ್ಲರನ್ನೂ ದಾಟಿ ಹೋಗಿ ಮುಕ್ತಿರಥದ ಮುಂದೆ ಕೂತಿತು.

ಮುಕ್ತಿರಥದ ಪಾಲಿಸಿ ಹಿಂದಿನ ದಿನಕ್ಕೆ ಮುಗಿದಿತ್ತು. ನೆನಪಿಸಬೇಕಾದ ಮನುಷ್ಯ ಗಾಡಿಯ ಒಳಗೆ ಹೂವು ಹೊದ್ದು ಮಲಗಿದ್ದರು. ನಜೀರ್ ಬೇರೆ ಕಡೆ ಬರೆಯುತ್ತಿದ್ದ, ಅವನು ಬರುವುದಕ್ಕೆ ಒಂದು ಗಂಟೆ ಹಿಡಿಯಿತು. ಜೀವಮಾನವೆಲ್ಲ ಊರಿನ ಗಾಡಿಗಳನ್ನು ನಾಯಿಗಳಿಂದ ಕಾಪಾಡಿದವರು ಬಿಸಿಲಿನಲ್ಲಿ ನಾಯಿಯ ಮುಂದೆ ಕಾಯುತ್ತಿದ್ದರು. ಕೆಲವರಿಗೆ ನಗು ಬಂತು. ನಾನೂ ಸೆರಗು ಬಾಯಿಗೆ ಹಿಡಿದವಳೇ. ಕೊನೆಗೆ ಹೆಗಲ ಮೇಲೆ ಹೊತ್ತೊಯ್ದರು. ಹೊನ್ನೂರಪ್ಪ ಗಾಡಿಗೆ ಒರಗಿ ನೆಲ ನೋಡುತ್ತ ನಿಂತಿದ್ದ, ಒಬ್ಬರ ಮುಖವನ್ನೂ ನೋಡಲಿಲ್ಲ.

ಮಾರನೆಯ ದಿನ ರೇವಣಸಿದ್ದಪ್ಪನವರು ಅವನನ್ನು ಕರೆದುಕೊಂಡು ನನ್ನ ಆಫೀಸಿಗೆ ಬಂದರು. ಅಧ್ಯಕ್ಷರು ಕುರ್ಚಿಯಲ್ಲಿ ತುಂಬಿಕೊಂಡು ಕೂತರು. ಹೊನ್ನೂರಪ್ಪ ಬೆಂಚಿನ ತುದಿಯಲ್ಲಿ ಕೂತ.

“ಸಮಿತಿಯ ತಪ್ಪು ಒಪ್ಕೊಂಡು ಬಂದಾಯ್ತು ಮೇಡಂ. ತಿಪ್ಪೇಶಪ್ಪನೋರು ಇದ್ದಿದ್ರೆ ಹಿಂಗಾಗ್ತಿರಲಿಲ್ಲ” ಎಂದರು ಅಧ್ಯಕ್ಷರು. “ಈಗ ಇವನ ಲೈಸೆನ್ಸು ಉಳಿಸ್ಕೊಡಿ. ಇವನು ಹೋದ್ರೆ ಈ ಗಾಡಿ ಓಡ್ಸೋಕೆ ಊರಲ್ಲಿ ಇನ್ನೊಬ್ಬ ಸಿಗೋದಿಲ್ಲ.”

“ನಿಮಗೆ ಎಷ್ಟು ವಯಸ್ಸು ಹೊನ್ನೂರಪ್ಪ?” ಎಂದು ಕೇಳಿದೆ.

“ಐವತ್ತೆಂಟು. ಈ ಗಾಡಿ ಹತ್ತಿ ಇಪ್ಪತ್ತೇಳು ವರ್ಷ ಆತು.”

“ಈ ವಯಸ್ಸಲ್ಲಿ ಬೇರೆ ಏನಾದರೂ ಕೆಲಸ ನೋಡ್ಕೊಬಹುದಲ್ಲ, ವಾಚ್‌ಮನ್ ಅದು ಇದು.” ಕಕ್ಷಿದಾರನಿಗೆ ಎಷ್ಟು ಗಾಬರಿಯಿದೆ ಎಂದು ತಿಳಿಯಲು ನಾನು ಹೀಗೆ ಚುಚ್ಚುವುದುಂಟು.

“ಕೆಲ್ಸದ್ದಲ್ಲ ಲಾಯರಮ್ಮಾ. ನನ್ನ ಯಾರೂ ಮದುವೀಗೆ ಕರೆಯಲ್ಲ. ಬೆಳಿಗ್ಗೆ ಎದುರಿಗೆ ಬಂದ್ರೆ ಜನ ಆ ಕಡೆ ರಸ್ತೆಗೆ ದಾಟ್ತಾರೆ. ಹೋಟ್ಲಾಗೆ ನನ್ನ ಪಕ್ಕ ಖಾಲಿ ಇದ್ರೂ ನಿಂತ್ಕಂಡೇ ತಿಂತಾರೆ. ಎಲ್ಲಾ ಕಡೆ ನಾನು ಹೆಣದ ಗಾಡಿಯೋನು. ಆ ಕಾರ್ಡಿನಾಗೆ ಒಂದರಾಗೆ ಮಾತ್ರ ಡ್ರೈವರು ಅಂತ ಬರ್ದೈತೆ, ಹೆಸರು ಹಾಕಿ, ಫೋಟೋ ಹಾಕಿ. ಅದು ನಾಯಿ ಕೊಳ್ಳಾಗೆ ನೇತಾಡಬಾರದು.”

ನಾನು ಇನ್ನು ಚುಚ್ಚಲಿಲ್ಲ. ಪುಸ್ತಕ ತೆಗೆದೆ. ನಮ್ಮ ಕಾನೂನಿನಲ್ಲಿ ಒಂದು ಸಣ್ಣ ವಾಕ್ಯವಿದೆ, ಸಂಬಳಕ್ಕೆ ದುಡಿಯುವ ಚಾಲಕರಿಗೆಂದೇ ಬರೆದದ್ದು. ಬೇರೆಯವರ ಗಾಡಿಯನ್ನು ಸಂಬಳಕ್ಕೆ ಓಡಿಸುವವನಿಗೆ ಅದಕ್ಕೆ ಇನ್ಶೂರೆನ್ಸ್ ಇಲ್ಲವೆಂದು ಗೊತ್ತಿಲ್ಲದಿದ್ದರೆ, ಹಾಗೆ ಅನುಮಾನ ಪಡಲು ಕಾರಣವೂ ಇಲ್ಲದಿದ್ದರೆ, ಅವನ ಮೇಲೆ ತಪ್ಪಿಲ್ಲ. ಬೇರೆ ಊರುಗಳ ವಕೀಲರು ಈ ವಾಕ್ಯದ ಮೇಲೆಯೇ ಮನೆ ಕಟ್ಟಿಸಿದ್ದಾರೆ. ನಮ್ಮ ಊರಿನಲ್ಲಿ ಅದು ಯಾರಿಗೂ ಉಪಯೋಗಕ್ಕೆ ಬಂದಿಲ್ಲ. ಹಿಂದೆ ನಾಯಿ ಬರುತ್ತಿದ್ದರೆ ಗೊತ್ತಿರಲಿಲ್ಲ ಎಂದು ಯಾವ ಬಾಯಿಂದ ಹೇಳುವುದು?

“ನಿಮ್ಮ ಹಿಂದೆ ನಾಯಿ ಬಂದದ್ದು ನೋಡಲಿಲ್ವ?”

“ನಾಯಿ ದಿನಾ ಬರ್ತಾವೆ. ಎಂಟು, ಹತ್ತು. ಮಂಡಕ್ಕಿ ಬಿಡ್ತಾವಾ?”

ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಇಡೀ ಊರಿನಲ್ಲಿ ಹಿಂದೆ ಬರುವ ನಾಯಿಗೆ ಏನೂ ಅರ್ಥವಿಲ್ಲದ ಗಾಡಿ ಒಂದೇ ಒಂದಿತ್ತು. ಅದರ ಚಾಲಕ ನನ್ನ ಬೆಂಚಿನ ತುದಿಯಲ್ಲಿ ಕೂತಿದ್ದ. ಹನ್ನೆರಡು ವರ್ಷದಿಂದ ಕಪಾಟಿನಲ್ಲಿ ಕೊಳೆಯುತ್ತಿದ್ದ ವಾಕ್ಯಕ್ಕೆ ಜೀವ ಬಂತು. ಅಧ್ಯಕ್ಷರಿಗೆ ನಾನೇ ಕಾಫಿ ತರಿಸಿದೆ. ಕಕ್ಷಿದಾರರಿಗೆ ಕಾಫಿ ಕೊಡುವ ಪದ್ಧತಿ ನನ್ನಲ್ಲಿಲ್ಲ.

ಎರಡು ದಿನದ ಮೇಲೆ ಹೊನ್ನೂರಪ್ಪ ಒಬ್ಬನೇ ಬಂದ. ಕೂತುಕೊಳ್ಳಿ ಎಂದರೂ ಕೂರಲಿಲ್ಲ.

“ನಂಗೆ ಗೊತ್ತಿತ್ತು ಲಾಯರಮ್ಮಾ.”

“ಏನು ಗೊತ್ತಿತ್ತು?”

“ಆ ಬಿಳಿ ನಾಯಿ ಮಂಡಕ್ಕಿದಲ್ಲ ಅಂತ. ಇಪ್ಪತ್ತೇಳು ವರ್ಷ ಕನ್ನಡಿಯಾಗೆ ನಾಯಿನೇ ನೋಡೀನಿ. ಮಂಡಕ್ಕಿಗೆ ಬರೋವು ನೆಲ ನೋಡ್ಕಂಡು ಬರ್ತಾವೆ. ಇದು ತಲೆ ಎತ್ಕಂಡು ನನ್ನ ಕನ್ನಡಿ ನೋಡ್ತಾ ಬಂತು. ಒಂದು ಕಾಳು ಮುಟ್ಲಿಲ್ಲ. ಶಾಲೆ ತಿರುವಿನಾಗೇ ಗೊತ್ತಾತು.”

“ಮತ್ತೆ ಅಲ್ಲೇ ಯಾಕೆ ನಿಲ್ಲಿಸಲಿಲ್ಲ?”

“ಹೆಂಗೆ ನಿಲ್ಸೋದು? ಹಿಂದೆ ಅವರು ಮಲಗವ್ರೆ. ನನ್ನ ಗಾಡಿ ನಿಲ್ಲೋದು ಎರಡೇ ಕಡೆ, ಮನೆ ಮುಂದೆ ಒಂದು, ಗುಂಡಿ ಮುಂದೆ ಒಂದು. ನಡುದಾರೀಲಿ ಇಳೀರಿ ಅಂತ ಹೆಣಕ್ಕೆ ಹೇಳಾಕಾಗ್ತೈತಾ? ಇನ್ನೊಂದು ಚೂರು ದೂರ, ಮುಟ್ಟಿಸಿಬಿಟ್ರೆ ಆಮ್ಯಾಕೆ ಏನಾರ ಆಗ್ಲಿ ಅಂತ ಜೋರಾಗಿ ಒತ್ತಿದೆ.”

ನಾವೆಲ್ಲ ಸೀರೆ ಪಂಚೆ ಎತ್ತಿಕೊಂಡು ಓಡಿದ್ದು ಯಾಕೆ ಎಂದು ಆಗ ತಿಳಿಯಿತು.

ವೈದ್ಯರ ಹತ್ತಿರ, ವಕೀಲರ ಹತ್ತಿರ ಸುಳ್ಳು ಹೇಳಬಾರದು ಎನ್ನುತ್ತಾರೆ. ಹಾಗೆಂದವರು ವಕೀಲಿ ಮಾಡಿದವರಲ್ಲ. ನನ್ನ ಕಕ್ಷಿದಾರರು ನನಗೆ ಧಾರಾಳವಾಗಿ ಸುಳ್ಳು ಹೇಳುತ್ತಾರೆ, ನಾನು ಧಾರಾಳವಾಗಿ ನಂಬುತ್ತೇನೆ, ಎಲ್ಲರೂ ಹೊತ್ತಿಗೆ ಸರಿಯಾಗಿ ಮನೆಗೆ ಹೋಗುತ್ತೇವೆ. ಈ ಮನುಷ್ಯ ನಿಜ ತಂದು ನನ್ನ ಮೇಜಿನ ಮೇಲೆ ಇಟ್ಟು, ನೀನೇ ಏನಾದರೂ ಮಾಡು ಎಂಬಂತೆ ನಿಂತಿದ್ದ. ನನಗೆ ಸಿಟ್ಟು ಬಂತು.

“ಇದನ್ನ ಇನ್ಯಾರಿಗಾದರೂ ಹೇಳಿದ್ದೀರಾ?”

“ಇಲ್ಲ.”

“ಹೇಳಬೇಡಿ. ಕೋರ್ಟಲ್ಲಿ ಸಾಹೇಬರು ಒಂದೇ ಪ್ರಶ್ನೆ ಕೇಳ್ತಾರೆ, ನಿಮಗೆ ಗೊತ್ತಿತ್ತಾ ಅಂತ. ಗೊತ್ತಿರಲಿಲ್ಲ ಸ್ವಾಮಿ ಅನ್ನಬೇಕು. ಅಷ್ಟೇ. ಎಲ್ಲಿ, ಹೇಳಿ ನೋಡೋಣ.”

“ನಂಗೆ…” ಎಂದು ನಿಂತ.

ನಾಲ್ಕು ಸಂಜೆ ಅವನಿಗೆ ಆ ಎರಡು ಪದ ಹೇಳಿಸಿದೆ. ಒಂದು ಸಲ ‘ಗೊತ್ತಿ’ ತನಕ ಬಂದು ಕೆಮ್ಮಿದ. ಇನ್ನೊಂದು ಸಲ ‘ಗೊತ್ತಿರಲಿಲ್ಲ’ ಎಂದು ಪೂರ್ತಿ ಹೇಳಿ, ಕೂಡಲೇ ‘ಅಂತ ಹೇಳ್ಬೇಕು’ ಎಂದು ಸೇರಿಸಿದ. ಮಾತನಾಡದವರನ್ನೇ ಸಾಗಿಸಿ ಸಾಗಿಸಿ ಇವನಿಗೆ ಮಾತಿನ ರೂಢಿಯೇ ತಪ್ಪಿಹೋಗಿರಬೇಕು ಎಂದುಕೊಂಡೆ. ಒಳಗಿನ ಕೋಣೆಯಿಂದ ನನ್ನ ತಾಯಿ, “ಅವನಿಗಿಂತ ನಾನೇ ಚೆನ್ನಾಗಿ ಹೇಳ್ತೀನಿ ಕಣೇ, ನನ್ನೇ ಕರ್ಕೊಂಡು ಹೋಗು” ಎಂದರು.

ಕೊನೆಯ ಸಂಜೆ ಅವನು ಟವೆಲಿನಿಂದ ಮುಖ ಒರೆಸಿಕೊಂಡು, “ಇದ್ದದ್ದು ಇದ್ದಂಗೆ ಹೇಳಿಬಿಡ್ಲಾ?” ಎಂದ.

ಅದಕ್ಕೆ ನಾನು ಆಡಿದ ಮಾತು ಈಗಲೂ ನೆನಪಿದೆ. “ಹೇಳಿ. ತಿಪ್ಪೇಶಪ್ಪನೋರು ಎದ್ದು ಬಂದು ನಿಮಗೆ ಥ್ಯಾಂಕ್ಸ್ ಹೇಳೋಲ್ಲ. ನಿಮ್ಮ ಫೋಟೋ ಮಾತ್ರ ನಾಯಿ ಕೊರಳಲ್ಲಿ ನೇತಾಡ್ಕೊಂಡು ಮೀನು ಮಾರ್ಕೆಟ್ಟು, ಮಟನ್ ಅಂಗಡಿ, ಕಸದ ತೊಟ್ಟಿ ಎಲ್ಲಾ ಸುತ್ತುತ್ತೆ. ನಾಯಿಗೆ ಹನ್ನೆರಡು ವರ್ಷ ಆಯಸ್ಸು. ಆಮೇಲೆ ನನ್ನ ಹತ್ತಿರ ಬರಬೇಡಿ.”

ಅವನ ಮುಖ ಸಣ್ಣದಾಯಿತು. ಬೆಂಚು ಬಿಟ್ಟು ಎದ್ದು, ಕೈಕಟ್ಟಿ ನಿಂತು, ಒಂದೂ ತಪ್ಪಿಲ್ಲದೆ ಹೇಳಿದ: “ನಂಗೆ ಗೊತ್ತಿರಲಿಲ್ಲ ಸ್ವಾಮಿ.” ನಾನು ಬೆನ್ನು ತಟ್ಟಿ ಕಳಿಸಿದೆ.

ವಿಚಾರಣೆಯ ದಿನ ಕೋರ್ಟಿನ ಆವರಣ ಸಂತೆಯ ಹಾಗೆ ತುಂಬಿತ್ತು. ನಜೀರ್ ಬಿಳಿ ನಾಯಿಯನ್ನು ಜೀಪಿನಲ್ಲಿ ಕೂರಿಸಿಕೊಂಡು ಬಂದ. ಕಾದಿರುವ ಸಾಕ್ಷಿಗಳಿಗೆಲ್ಲ ಒಂದು ಲೋಟ ನೀರೂ ಇಲ್ಲದ ನಮ್ಮ ಕೋರ್ಟಿನಲ್ಲಿ ನಾಯಿಗೆ ಮಾತ್ರ ಸ್ಟೀಲಿನ ಬಟ್ಟಲಿದೆ. ನಾನು ಎದ್ದುನಿಂತು, ಸಾಹೇಬರು ಹೊರಗೆ ಬಂದು ಒಂದು ಪ್ರಯೋಗ ನೋಡಬೇಕು ಎಂದು ಕೇಳಿಕೊಂಡೆ. ನಮ್ಮ ಮ್ಯಾಜಿಸ್ಟ್ರೇಟರಿಗೆ ಮಧ್ಯಾಹ್ನದ ಹೊತ್ತು ಕುರ್ಚಿಯಲ್ಲಿ ತೂಕಡಿಕೆ ಬರುತ್ತದೆ. ಹೊರಗೆ ಹೋಗುವುದೆಂದರೆ ಅವರಿಗೆ ಖುಷಿ. ವರಾಂಡದಲ್ಲಿ ಬಂದು ನಿಂತರು.

ಮುಕ್ತಿರಥಕ್ಕೆ ಅಷ್ಟರಲ್ಲಿ ಹೊಸ ಪಾಲಿಸಿ ಆಗಿತ್ತು. ಪೊಲೀಸ್ ಡ್ರೈವರೊಬ್ಬ ಖಾಲಿ ಗಾಡಿಯನ್ನು ಆವರಣದಲ್ಲಿ ನಿಧಾನವಾಗಿ ಒಂದು ಸುತ್ತು ತಂದ. ಮುಂದೆ ಕೋರ್ಟಿನ ಜವಾನ ಒಲ್ಲದ ಮನಸ್ಸಿನಿಂದ ಮಂಡಕ್ಕಿ ಎರಚಿದ. ಅರ್ಧ ಸುತ್ತಿಗೆ ಗೇಟಿನಿಂದ, ಕ್ಯಾಂಟೀನಿನಿಂದ, ಚರಂಡಿಯಿಂದ ಎಂದು ಹನ್ನೊಂದು ನಾಯಿ ಬಂದವು. ಆಮೇಲೆ ನೆಲದ ಮಂಡಕ್ಕಿ ಆರಿಸಿದವರಲ್ಲಿ ಇಬ್ಬರು ಜೂನಿಯರ್ ವಕೀಲರೂ ಇದ್ದರೆಂದು ಸುದ್ದಿಯಾಯಿತು. ನಾನು ನೋಡಿಲ್ಲ.

“ಸ್ವಾಮಿ, ಇದರಲ್ಲಿ ಕಾನೂನಿನ ನಾಯಿ ಯಾವುದು, ಹೊಟ್ಟೆಯ ನಾಯಿ ಯಾವುದು, ತಾವು ಹೇಳಬೇಕು” ಎಂದೆ.

ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ನನಗಂತೂ ಎಲ್ಲಾ ಒಂದೇ ಥರ ಕಾಣ್ತವಲ್ಲಮ್ಮ.”

ಅಷ್ಟೇ ಬೇಕಾಗಿತ್ತು ನನಗೆ. ಆದರೆ ಆ ಹೊತ್ತಿಗೆ ನಜೀರನ ಹಗ್ಗ ಬಿಡಿಸಿಕೊಂಡು ಬಂದ ಬಿಳಿ ನಾಯಿ ಗಾಡಿಯ ಪಕ್ಕದಲ್ಲಿ ನಿಂತಿತ್ತು. ಕಾಲಿನ ಬುಡದಲ್ಲೇ ಮಂಡಕ್ಕಿ ಬಿದ್ದಿತ್ತು, ಮೂಸಿಯೂ ನೋಡಲಿಲ್ಲ. ತಲೆಯೆತ್ತಿ, ವರಾಂಡದ ಕಂಬದ ಹತ್ತಿರ ನಿಂತಿದ್ದ ಹೊನ್ನೂರಪ್ಪನನ್ನೇ ನೋಡುತ್ತಿತ್ತು. ಸರ್ಕಾರಿ ವಕೀಲರು ಗೋಡೆಗೆ ಒರಗಿ ಹಲ್ಲಿಗೆ ಕಡ್ಡಿ ಹಾಕುತ್ತಿದ್ದುದು ನನ್ನ ಪುಣ್ಯ. ನಾನು ಎರಡು ಹೆಜ್ಜೆ ಸರಿದು ಸಾಹೇಬರಿಗೂ ನಾಯಿಗೂ ನಡುವೆ ನಿಂತು, ಸೆಕೆಯಾದವಳ ಹಾಗೆ ಗೌನನ್ನು ಎರಡು ಕೈಯಲ್ಲೂ ಅಗಲಿಸಿ ಬೀಸಿಕೊಂಡೆ. ವಕೀಲರಿಗೆ ಅಷ್ಟಗಲದ ಕರಿ ಗೌನು ಯಾಕೆ ಕೊಟ್ಟಿದ್ದಾರೆಂದು ಅವತ್ತು ತಿಳಿಯಿತು.

ಒಳಗೆ ಅವನು ಕಟಕಟೆ ಹತ್ತಿದ ಮೇಲೆ ಸಾಹೇಬರು ಕೇಳಿದರು: “ಹಿಂದೆ ಬಂದ ನಾಯಿ ಇನ್ಶೂರೆನ್ಸಿಂದು ಅಂತ ನಿಮಗೆ ಗೊತ್ತಿತ್ತೇನ್ರೀ?”

ಹೊನ್ನೂರಪ್ಪ ಕಣ್ಣು ಮುಚ್ಚಿಕೊಂಡ. “ನಂಗೆ ಗೊತ್ತಿರಲಿಲ್ಲ ಸ್ವಾಮಿ” ಎಂದ. ಸಾಹೇಬರು ಅವನು ಕಣ್ಣು ಮುಚ್ಚಿದ್ದನ್ನು ದುಃಖವೆಂದು ತಿಳಿದು, ಪಾಪ ಎಂದರು. ಬಿಡುಗಡೆಯಾಯಿತು. ನಜೀರ್ ಲೈಸೆನ್ಸನ್ನು ಲಕೋಟೆಯಿಂದ ತೆಗೆದು ಅವನ ಕೈಗೆ ಕೊಟ್ಟ. ಜನ ಚಪ್ಪಾಳೆ ತಟ್ಟಿದರು. ಅಧ್ಯಕ್ಷರು ಮೈಸೂರು ಪಾಕು ಹಂಚಿದರು. ಹೊನ್ನೂರಪ್ಪ ನಗಲಿಲ್ಲ. ಇಪ್ಪತ್ತೇಳು ವರ್ಷ ನಗಬಾರದ ಕೆಲಸ ಮಾಡಿದವನಿಗೆ ಅಭ್ಯಾಸ ತಪ್ಪಿದೆ ಎಂದುಕೊಂಡು ನಾನು ಅವನ ಪಾಲಿನ ಮೈಸೂರು ಪಾಕನ್ನೂ ತಿಂದೆ. ಮಾರನೆಯ ದಿನದಿಂದ ಊರಿನ ಆಟೋದವರೆಲ್ಲ ಕಿಟಕಿಯಿಂದ ಮಂಡಕ್ಕಿ ಎರಚುತ್ತ ಓಡಾಡಿದರು. ಇದು ಶವವಾಹನಕ್ಕೆ ಮಾತ್ರ ಎಂದು ಸಾಹೇಬರು ಆದೇಶ ಹೊರಡಿಸಬೇಕಾಯಿತು.

ಒಂದು ವಾರ ಊರಿನಲ್ಲಿ ಯಾರೂ ಸಾಯಲಿಲ್ಲ. ಎಂಟನೆಯ ದಿನ ಒಬ್ಬ ಮುದುಕಿ ತೀರಿಕೊಂಡಳು. ಹೊನ್ನೂರಪ್ಪ ಮುಕ್ತಿರಥ ತೆಗೆದರೆ ಸಮಿತಿಯ ಶೆಡ್ಡಿನ ಬಾಗಿಲಲ್ಲೇ ಬಿಳಿ ನಾಯಿ ಕೂತಿತ್ತು. ನಜೀರ್ ಬಂದು ಪಾಲಿಸಿ ನೋಡಿದ, ಸರಿಯಾಗಿತ್ತು. ತಿಪ್ಪೇಶಪ್ಪನವರ ಜಾಗಕ್ಕೆ ಬಂದ ಹೊಸ ಏಜೆಂಟ್ ಪಾಲಿಸಿಯನ್ನು ನಾಯಿಗೆ ಜೋರಾಗಿ ಓದಿ ಹೇಳಿದ. ನಾಯಿ ಆಕಳಿಸಿತು. ಮುದುಕಿ ಹಗುರವಾಗಿದ್ದಳು, ಹೆಗಲ ಮೇಲೆ ಹೋದಳು.

ಎರಡನೆಯದು ಪೈಲ್ವಾನ್ ಮಲ್ಲೇಶಿಯದು. ಅವನು ಬದುಕಿದ್ದಾಗಲೇ ಅವನನ್ನು ಯಾರೂ ಎತ್ತಿದವರಿಲ್ಲ. ಆರು ಜನ ಕೈಹಾಕಿ ಕೆಳಗಿಟ್ಟರು. ಮನೆಯ ತನಕ ದೂಡಿಕೊಂಡು ತಂದ ಗಾಡಿಯಲ್ಲಿ ಹೇಗೋ ಮಲಗಿಸಿದ ಮೇಲೆ ನಾಯಿ ಮುಂದೆ ಬಂದು ಕೂತಿತು. ನನಗೆ ಫೋನು ಬಂತು. ನಾನು ಹೋಗುವ ಹೊತ್ತಿಗೆ ಜನ ಒಂದು ವಿಷಯ ಕಂಡುಹಿಡಿದಿದ್ದರು. ರೇವಣಸಿದ್ದಪ್ಪನವರು ಸ್ಟಿಯರಿಂಗ್ ಮುಂದೆ ಕೂತರೆ ನಾಯಿ ಎದ್ದು ಪಕ್ಕಕ್ಕೆ ಹೋಗುತ್ತಿತ್ತು. ಹೊನ್ನೂರಪ್ಪ ಕೂತರೆ ಮತ್ತೆ ಬಂದು ಕೂರುತ್ತಿತ್ತು. ಮೂರು ಸಲ ಮಾಡಿ ನೋಡಿದರಂತೆ. ಇಂಥದ್ದನ್ನು ಊರು ಹಿಂದೆಂದೂ ನೋಡಿರಲಿಲ್ಲ. ಎಲ್ಲರೂ ಹೊನ್ನೂರಪ್ಪನ ಕಡೆ ನೋಡುತ್ತಿದ್ದರು.

ಅವನು ಇಳಿದ. ಜೇಬಿನಿಂದ ಲೈಸೆನ್ಸು ತೆಗೆದು, ಟೂಲ್ ಬಾಕ್ಸಿನ ಸ್ಕ್ರೂಡ್ರೈವರಿನಿಂದ ಅದರ ಮೂಲೆಗೆ ತೂತು ಮಾಡಿದ. ಪೈಲ್ವಾನನ ಹೂವಿನ ಹಾರದಿಂದ ಒಂದು ದಾರ ಎಳೆದುಕೊಂಡ.

“ಏನು ಮಾಡ್ತಿದ್ದೀರಿ?” ಎಂದು ಅಡ್ಡ ನಿಂತೆ. “ತೀರ್ಪು ನಿಮ್ಮ ಕಡೆ ಇದೆ. ಇನ್ನು ಯಾರೂ ನಿಮ್ಮನ್ನ ಕೇಳೋ ಹಾಗಿಲ್ಲ.”

“ಯಾರೂ ಕೇಳಲ್ಲ ಲಾಯರಮ್ಮಾ. ಅದಕ್ಕೇ ಆಗ್ತಿಲ್ಲ ನಂಗೆ.” ಅವನಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ. “ನೀವು ಗೆದ್ರಿ, ನಿಮ್ಮ ಕೆಲ್ಸ ನೀವು ಮಾಡಿದ್ರಿ. ಇದು ಡ್ರೈವರು ಅಂತ ಇರೋ ಕಾರ್ಡು. ಸುಳ್ಳು ಹೇಳಿ ಇಟ್ಕಂಡ್ರೆ ಇದರಾಗೂ ನಾನು ಡ್ರೈವರಲ್ಲ.”

ನಾಯಿಯ ಮುಂದೆ ಮಂಡಿಯೂರಿದ. ಅದು ತಾನಾಗಿ ಕೊರಳು ಮುಂದೆ ಮಾಡಿತು. ಎರಡು ಗಂಟು ಹಾಕಿ, ಬಿಗಿಯಾಯಿತೇ ಎಂದು ಬೆರಳು ತೂರಿಸಿ ನೋಡಿ, ಸ್ವಲ್ಪ ಸಡಿಲ ಮಾಡಿ ಎದ್ದ. ನಾಯಿ ಮೈ ಕೊಡವಿ ನೆರಳಿಗೆ ಹೋಯಿತು. ಹೊನ್ನೂರಪ್ಪ ಗಾಡಿಯ ಹಿಂದೆ ಹತ್ತಿ ಪೈಲ್ವಾನನ ತಲೆಯ ಪಕ್ಕದಲ್ಲಿ ಕೂತ. ಅಧ್ಯಕ್ಷರು ದೇವರ ಹೆಸರು ಹೇಳಿಕೊಂಡು ಗೇರು ಹಾಕಿದರು. ಈಗ ಅವರೇ ಓಡಿಸುತ್ತಾರೆ. ಅವರು ಬ್ರೇಕು ಹಾಕುವ ರಭಸಕ್ಕೆ ಒಂದಲ್ಲ ಒಂದು ದಿನ ಹೆಣ ಎದ್ದು ಕೂರುತ್ತದೆ ಎಂದು ಊರು ಕಾಯುತ್ತಿದೆ. ಹೊನ್ನೂರಪ್ಪ ಹಿಂದಿನಿಂದ, “ಕ್ಲಚ್ಚು ಸಾವ್ಕಾರ್ರೇ, ಕ್ಲಚ್ಚು” ಎನ್ನುತ್ತಿರುತ್ತಾನೆ.

ನನಗೆ ಅವತ್ತು ನಾಚಿಕೆಯಾಯಿತು. ವಕೀಲಿ ಶುರು ಮಾಡಿದ ಮೇಲೆ ಅದು ಮೊದಲನೆಯ ಸಲ, ಹಾಗಾಗಿ ಏನಾಗುತ್ತಿದೆಯೆಂದು ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಮನೆಗೆ ಬಂದು, ಸಾರಿಗೆ ಉಪ್ಪು ಕಮ್ಮಿಯೆಂದು ತಾಯಿಯ ಮೇಲೆ ರೇಗಿದೆ. ಉಪ್ಪು ಸರಿಯಾಗಿಯೇ ಇತ್ತು.

ಸೋಮವಾರ ಬೆಳಿಗ್ಗೆ ಕೋರ್ಟಿಗೆ ಹೊರಡಲು ಸ್ಕೂಟರು ತೆಗೆದೆ. ಗೇಟಿನ ಹೊರಗೆ ಬಿಳಿ ನಾಯಿ ಕೂತಿತ್ತು. ನನ್ನ ಪಾಲಿಸಿ ಮುಂದಿನ ಫೆಬ್ರವರಿಯ ತನಕ ಇದೆ. ಡಿಕ್ಕಿಯಿಂದ ತೆಗೆದು ತೋರಿಸಿದೆ. ಅದು ಕಾಗದ ನೋಡಲಿಲ್ಲ, ನನ್ನನ್ನು ನೋಡಿತು. ಬಲಕ್ಕೆ ತಿರುಗಿಸಿದೆ, ಬಲಕ್ಕೆ ಬಂದು ಕೂತಿತು. ಯಾರೂ ಕೇಳುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ದನಿ ತಗ್ಗಿಸಿ ನಾಯಿಯ ಹತ್ತಿರ ವಾದ ಮಾಡಿದೆ. ಕಟಕಟೆಯಲ್ಲಿ ನಿಂತು ಹೇಳಿದವಳು ನಾನಲ್ಲ ಎಂದೆ. ಕಕ್ಷಿದಾರನಿಗೆ ಬೇಕಾದದ್ದನ್ನು ಕೊಡಿಸುವುದು ನನ್ನ ಕೆಲಸ, ಅವನಿಗೆ ಲೈಸೆನ್ಸು ಬೇಕಿತ್ತು, ಕೊಡಿಸಿದೆ ಎಂದೆ. ನಾಯಿ ಹಿಂಗಾಲಿನಿಂದ ಕಿವಿ ಕೆರೆದುಕೊಂಡಿತು. ಕೊರಳಿನ ಕಾರ್ಡು ತಿರುಗಿ ಫೋಟೋ ನನ್ನ ಕಡೆ ಬಂತು. ಎಣ್ಣೆ ಹಾಕಿ ಬಾಚಿದ ತಲೆ, ಮೇಲಿನ ಗುಂಡಿಯ ತನಕ ಹಾಕಿದ ಅಂಗಿ, ನಗು ಇಲ್ಲ.

ಅಷ್ಟರಲ್ಲಿ ನಜೀರ್ ಸೈಕಲ್ ತಳ್ಳಿಕೊಂಡು ಬಂದ. ನನ್ನನ್ನೂ ನಾಯಿಯನ್ನೂ ನೋಡಿ ಅವನಿಗೇ ಮುಜುಗರವಾಯಿತು. ಪಾಲಿಸಿ ಇಸಿದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದ.

“ಎಲ್ಲಾ ಸರಿಯಾಗೈತಲ್ಲ ಮೇಡಂ. ಮತ್ಯಾಕೆ ಕುಂತೈತೆ ಇದು? ನಿಮಗೇನಾದ್ರೂ ಗೊತ್ತಾ?”

ನಾನು ಪಾಲಿಸಿ ವಾಪಸು ತೆಗೆದುಕೊಂಡು ಮಡಿಚಿದೆ. ಅವನು ಒಳ್ಳೆಯವನು. ಪುಸ್ತಕ ಬಿಚ್ಚಿ ಪೆನ್ನಿನ ಮುಚ್ಚಳ ತೆಗೆದು, ತಾನೇ ದಾರಿ ತೋರಿಸಿದ. “ಗೊತ್ತಿಲ್ಲ ಅಂತ ಬರ್ಕೊಂಡ್ಬಿಡ್ಲಾ?”

“ಬೇಡ” ಎಂದೆ. “ಗೊತ್ತು ಅಂತ ಬರ್ಕೋ.”